ಕೋಳಿ ಶೆಡ್ಡಿನ ಗ್ಯಾಸ್ ಬಿಸಿಗಾಳಿ ಹೀಟರ್: ಮರಿ ಬರುವ ಮೊದಲು ಮಾಡಬೇಕಾದ ಸರ್ವೀಸ್ ಮತ್ತು ಸೇಫ್ಟಿ ಟೆಸ್ಟ್

ರಾಣೆಬೆನ್ನೂರು, ಹಿರೇಕೆರೂರು, ಬ್ಯಾಡಗಿ ಕಡೆಯ ಬ್ರಾಯ್ಲರ್ ಶೆಡ್ಡುಗಳಲ್ಲಿ ಹೀಟರ್ ಸರ್ವೀಸ್ ಮಾಡಿಸಿದ್ದೀರಾ ಎಂದು ಕೇಳಿ ನೋಡಿ. "ಹತ್ತತೈತ್ರಿ, ಬಿಸಿ ಕೊಡತೈತ್ರಿ, ಮತ್ತೇನ್ ನೋಡೂದೈತಿ ಅದರಾಗ?" ಎಂಬ ಉತ್ತರ ಬರುತ್ತದೆ. ಹತ್ತುತ್ತದೆ ಅನ್ನುವುದು ಅರ್ಧ ಮಾತು. ಹತ್ತದ ಹೀಟರಿನಿಂದ ಮರಿಗಳಿಗೆ ಒಂದು ರಾತ್ರಿ ಚಳಿ, ಅಷ್ಟೇ. ಜ್ವಾಲೆ ಆರಿದ ಮೇಲೂ ಗ್ಯಾಸ್ ಬಿಡುತ್ತಲೇ ಇರುವ ಹೀಟರಿನಿಂದ ಶೆಡ್ಡೇ ಹೋಗಬಹುದು, ಒಳಗೆ ಮಲಗಿದವನೂ ಹೋಗಬಹುದು. ಆದ್ದರಿಂದ ಈ ಬರಹದಲ್ಲಿ ಹೀಟರನ್ನು ಹಚ್ಚುವುದಕ್ಕಿಂತ ಅದು ಹೇಗೆ ಆರುತ್ತದೆ ಎಂದು ನೋಡುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುತ್ತಿರುವುದು ಎಲ್‌ಪಿಜಿಯಿಂದ ಉರಿಯುವ, ಫ್ಯಾನ್ ಇರುವ ಬಿಸಿಗಾಳಿ ಹೀಟರಿನ ಬಗ್ಗೆ. ಉದ್ದನೆಯ ಡಬ್ಬಿಯಂಥ ಮೈ, ಹಿಂದೆ ಫ್ಯಾನ್, ನಡುವೆ ಬರ್ನರ್, ಮುಂದಿನ ಬಾಯಿಂದ ಬಿಸಿಗಾಳಿ. ಇದಕ್ಕೆ ಹೊಗೆಕೊಳವೆ ಇರುವುದಿಲ್ಲ. ಉರಿದದ್ದೆಲ್ಲ ಶೆಡ್ಡಿನೊಳಗೇ ಬರುತ್ತದೆ. ಛತ್ತಿನಿಂದ ತೂಗುಬಿಟ್ಟ, ಫ್ಯಾನ್ ಇಲ್ಲದ ಛತ್ರಿ ಬ್ರೂಡರುಗಳ (ಮರಿಗೆ ಕಾವು ಕೊಡುವ ಸಾಧನ) ವಿಷಯ ಬೇರೆ. ಬೀಜ ಅಥವಾ ಮೆಣಸಿನಕಾಯಿ ಒಣಗಿಸಲು ಇಂಥದ್ದೇ ಹೀಟರ್ ಇಟ್ಟುಕೊಂಡವರಿಗೆ ಮರಿಗಳ ಮಾತು ಬಿಟ್ಟು ಉಳಿದದ್ದೆಲ್ಲ ಅನ್ವಯಿಸುತ್ತದೆ.

ಯಾವಾಗ ಮಾಡಬೇಕು? ದೀಪಾವಳಿ ಕಳೆದು ಚಳಿ ಬೀಳುವ ಮೊದಲು ಒಂದು ಪೂರ್ತಿ ಸರ್ವೀಸ್. ಆಮೇಲೆ ಪ್ರತಿ ಬ್ಯಾಚಿಗೂ ಮೊದಲು ಸ್ವಚ್ಛತೆ, ಸೋಪಿನ ನೀರಿನ ಟೆಸ್ಟ್, ಆರಿಸುವ ಟೆಸ್ಟುಗಳು. ಹಾನಗಲ್, ಶಿಗ್ಗಾಂವಿ, ಧಾರವಾಡದ ಪಶ್ಚಿಮಕ್ಕೆ ಮಳೆಗಾಲದಲ್ಲೂ ಹೀಟರ್ ಹಚ್ಚುತ್ತಾರೆ, ಹಾಗಾಗಿ ಅಲ್ಲಿಯವರು ಜೂನ್ ಹೊತ್ತಿಗೆ ಇನ್ನೊಮ್ಮೆ ಪೂರ್ತಿ ಬಿಚ್ಚಿ ನೋಡುವುದು ಒಳ್ಳೆಯದು.

ಯಾವುದಕ್ಕೆ ಕೈ ಹಾಕಬೇಕು, ಯಾವುದಕ್ಕೆ ಬೇಡ

ಸ್ವಚ್ಛ ಮಾಡುವುದು, ಪೈಪು ಬದಲಿಸುವುದು, ಟೆಸ್ಟ್ ಮಾಡುವುದು, ಇವನ್ನು ಪಾನಾ ಹಿಡಿದು ಗೊತ್ತಿರುವ ಯಾರಾದರೂ ಮಾಡಬಹುದು. ರೆಗ್ಯುಲೇಟರ್, ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ಗ್ಯಾಸ್ ವಾಲ್ವ್), ಥರ್ಮೋಕಪಲ್ (ಜ್ವಾಲೆ ಇದೆಯೇ ಎಂದು ಕಾವಿನಿಂದ ತಿಳಿಯುವ ಕಡ್ಡಿ) ಕೂರುವ ಸೇಫ್ಟಿ ವಾಲ್ವ್, ಈ ಮೂರರ ಹೊಟ್ಟೆ ಮಾತ್ರ ಬಿಚ್ಚಬೇಡಿ. ಇವು ಕೆಟ್ಟರೆ ರಿಪೇರಿ ಇಲ್ಲ, ಹೊಸದೇ. ಒಳಗಿನ ರಬ್ಬರ್ ಬದಲಿಸಿ ಕೊಡುತ್ತೇನೆ ಅನ್ನುವ ಮೆಕ್ಯಾನಿಕ್ ಸಿಗುತ್ತಾನೆ, ದುಡ್ಡೂ ಉಳಿಯುತ್ತದೆ; ನಾನಂತೂ ಆ ಹಾದಿ ಹಿಡಿಯಲು ಯಾರಿಗೂ ಹೇಳುವುದಿಲ್ಲ.

ಬೇಕಾದ ಸಾಮಾನು: ಎರಡು ಪಾನಾ (ಒಂದರಿಂದ ಹಿಡಿದುಕೊಂಡು ಇನ್ನೊಂದರಿಂದ ತಿರುಗಿಸಲು), ಮೆತ್ತನೆಯ ಬ್ರಷ್, ನುಣ್ಣನೆಯ ಪಾಲಿಶ್ ಪೇಪರ್, ಥಿನ್ನರ್, ಸೋಪಿನ ನೀರು, ಮಿಲಿವೋಲ್ಟ್ ತೋರಿಸುವ ಮಲ್ಟಿಮೀಟರ್, ಗ್ಯಾಸಿಗೆಂದೇ ಇರುವ ಪ್ರೆಶರ್ ಗೇಜ್, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಅಳೆಯುವ ಮೀಟರ್. ಕೊನೆಯದನ್ನು ಹೆಚ್ಚಿನವರು ಕೊಳ್ಳುವುದಿಲ್ಲ. ನಾಲ್ಕೈದು ಶೆಡ್ಡಿನವರು ಸೇರಿ ಒಂದು ತರಿಸಿಕೊಂಡರೂ ಸಾಕು.

ಮೊದಲು ಉರಿಸಿ ನೋಡಿ, ಆಮೇಲೆ ಬಿಚ್ಚಿ

ಮರಿ ಇಲ್ಲದ ಖಾಲಿ ಶೆಡ್ಡಿನಲ್ಲಿ, ಪರದೆಗಳನ್ನೆಲ್ಲ ಎತ್ತಿ, ಹೀಟರ್ ಹಚ್ಚಿ ಹತ್ತು ನಿಮಿಷ ಓಡಿಸಿ. ಯಂತ್ರ ತನ್ನ ರೋಗ ತಾನೇ ಹೇಳುವುದು ಈಗಲೇ. ಸ್ವಚ್ಛ ಮಾಡಿದ ಮೇಲೆ ಆ ಸುಳಿವು ಸಿಗುವುದಿಲ್ಲ. ಎಷ್ಟು ಕಿಡಿಗೆ ಹತ್ತಿತು? ಹತ್ತುವಾಗ "ಭಪ್" ಎಂದು ಸದ್ದು ಬಂತೇ? ಬಂದರೆ ಕಿಡಿ ತಡವಾಗುತ್ತಿದೆ, ಅಷ್ಟರಲ್ಲಿ ಗ್ಯಾಸ್ ಗುಂಪುಗೂಡುತ್ತಿದೆ ಎಂದರ್ಥ. ಜ್ವಾಲೆ ನೀಲಿಯಾಗಿ ಬಿಗಿಯಾಗಿ ನಿಂತಿದೆಯೇ, ಹಳದಿ ನಾಲಿಗೆ ಚಾಚುತ್ತಿದೆಯೇ? ಅಲ್ಲೊಂದು ಇಲ್ಲೊಂದು ಕಿತ್ತಳೆ ಕಿಡಿ ಹಾರಿದರೆ ಅದು ಧೂಳು, ಚಿಂತೆಯಿಲ್ಲ. ಹಳದಿ ಜ್ವಾಲೆ ನಿಂತೇ ಇದ್ದರೆ ಗಾಳಿ ಸಾಲದು, ಇಲ್ಲವೇ ಗ್ಯಾಸ್ ಹೆಚ್ಚು. ಫ್ಯಾನಿನ ಸದ್ದು ಒಂದೇ ಸಮ ಇದೆಯೇ, ಬೇರಿಂಗ್ ಕಿರಗುಟ್ಟುತ್ತದೆಯೇ ಎಂಬುದನ್ನೂ ಕೇಳಿಸಿಕೊಳ್ಳಿ.

ಬಂದ್ ಮಾಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಸಿಲಿಂಡರ್ ವಾಲ್ವ್ ಬಂದ್. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಮುಗಿಯಲಿ. ಆಮೇಲೂ ಎರಡು ಮೂರು ನಿಮಿಷ ಫ್ಯಾನ್ ತಿರುಗಿ ಮೈ ತಣ್ಣಗಾಗಲಿ. ಕೊನೆಗೆ ಸ್ವಿಚ್, ಪ್ಲಗ್. ದಿನಾ ಪ್ಲಗ್ ಕಿತ್ತೇ ಆರಿಸುವ ಹೀಟರಿನ ಮೋಟಾರು ಮತ್ತು ವೈರು ಒಳಗಿನ ಕಾವಿಗೆ ಬೆಂದು ಬೇಗ ಹಾಳಾಗುತ್ತವೆ.

ಸ್ವಚ್ಛತೆ

ಪ್ಲಗ್ ಕಿತ್ತು, ಸಿಲಿಂಡರಿನಿಂದ ಬಿಡಿಸಿ, ಹೀಟರನ್ನು ಶೆಡ್ಡಿನ ಹೊರಗೆ ತನ್ನಿ. ಮೇಲಿನ ಹೊದಿಕೆ ಬಿಚ್ಚಿದರೆ ಕಾಣುವುದು ಸಾಮಾನ್ಯವಾಗಿ ಇದು: ಫ್ಯಾನಿನ ಜಾಲರಿಗೆ ಪುಕ್ಕ ಮತ್ತು ಭತ್ತದ ಹೊಟ್ಟಿನ ಪದರ, ಎಲೆಗಳ ಮೇಲೆ ಬೂದು ಬಣ್ಣದ ಧೂಳಿನ ಮೇಣ, ಬರ್ನರಿನ ಗಾಳಿ ತೂತಿನಲ್ಲಿ ಜೇಡರ ಬಲೆ. ಮೂರೂ ಮಾಡುವ ಕೆಲಸ ಒಂದೇ, ಗಾಳಿ ಕಡಿಮೆ ಮಾಡುವುದು. ಗಾಳಿ ಕಡಿಮೆಯಾದರೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ.

ಒಣ ಬ್ರಷ್‌ನಿಂದ ಧೂಳು ತೆಗೆದು, ಕಂಪ್ರೆಸರ್ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಹೊಡೆಯಿರಿ. ಹೊರಗಿನಿಂದ ಹೊಡೆದರೆ ಕಸ ಮೋಟಾರಿನೊಳಕ್ಕೆ ಹೋಗಿ ಕೂರುತ್ತದೆ. ನೀರು ಹಾಕಿ ತೊಳೆಯುವುದು ಬೇಡವೇ ಬೇಡ. ಬ್ಯಾಚ್ ಮುಗಿದ ಮೇಲೆ ಶೆಡ್ಡಿಗೆ ಪ್ರೆಶರ್ ವಾಷರ್ ಹೊಡೆಯುವಾಗ ಹೀಟರನ್ನು ಅಲ್ಲೇ ತೂಗುಬಿಟ್ಟಿರುತ್ತಾರೆ. ಆರು ತಿಂಗಳಲ್ಲಿ ಅದರ ಕನೆಕ್ಟರುಗಳು ಹಸಿರುಗಟ್ಟಿರುತ್ತವೆ. ಫ್ಯಾನಿನ ಎಲೆ ಬಾಗಿದ್ದರೆ ನೆಟ್ಟಗೆ ಮಾಡಲು ಹೋಗದೆ ಬದಲಿಸಿ, ಇಲ್ಲದಿದ್ದರೆ ಅಲುಗಾಟಕ್ಕೆ ಬೇರಿಂಗ್ ಹೋಗುತ್ತದೆ. ಸೀಲ್ ಮಾಡಿರದ ಬುಷ್ ಇದ್ದರೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು.

ಜೆಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹಿತ್ತಾಳೆಯ ಆ ಸಣ್ಣ ತೂತು ಎಷ್ಟು ಗ್ಯಾಸ್ ಬಿಡಬೇಕೆಂಬುದನ್ನು ಕಂಪನಿ ಲೆಕ್ಕ ಹಾಕಿ ಕೊರೆದಿರುತ್ತದೆ. ಅದು ಕಟ್ಟಿಕೊಂಡಿತೆಂದು ಸೂಜಿ, ಸೈಕಲ್ ಬ್ರೇಕಿನ ತಂತಿ, ಪಿನ್ನು ಹಾಕಿ ಚುಚ್ಚುತ್ತಾರೆ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಹೆಚ್ಚಾಗಿ ಜ್ವಾಲೆ ಹಳದಿಗೆ ತಿರುಗುತ್ತದೆ. ಜೆಟ್ ಬಿಚ್ಚಿ ಥಿನ್ನರಿನಲ್ಲಿ ಅರ್ಧ ಗಂಟೆ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ: ತೂತು ದುಂಡಗೆ, ಅಂಚು ಚೂಪಾಗಿ ಕಾಣಬೇಕು. ಕೋಳಿ ಶೆಡ್ಡಿನ ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ, ಹಳೆಯ ಜೆಟ್ಟಿನ ಅಂಚು ಸವೆದಿರುವುದು ಅಪರೂಪವಲ್ಲ. ಸಂಶಯ ಬಂದರೆ ಮೇಲೆ ಕೆತ್ತಿದ ನಂಬರ್ ನೋಡಿ ಅದೇ ನಂಬರಿನದು ಹಾಕಿ. "ಇದೂ ಕೂರತೈತ್ರಿ" ಎಂದು ಅಂಗಡಿಯವನು ಬೇರೆ ನಂಬರಿನದು ಕೊಟ್ಟರೆ ಬೇಡ ಅನ್ನಿ. ಕೂರುವುದು ಬೇರೆ, ಹೊಂದುವುದು ಬೇರೆ.

ಕಿಡಿ ಕೊಡುವ ಎಲೆಕ್ಟ್ರೋಡಿನ ಮಸಿ ಒರೆಸಿ. ಅದರ ತುದಿಗೂ ಬರ್ನರಿಗೂ ನಡುವೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಅಂತರ ಇರುತ್ತದೆ. ನಿಮ್ಮ ಹೀಟರಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಬಿಳಿ ಪಿಂಗಾಣಿಯಲ್ಲಿ ಸೀಳು ಬಿಟ್ಟಿದ್ದರೆ ಕಿಡಿ ಆ ಸೀಳಿನಿಂದಲೇ ಮೈಗೆ ಹಾರಿಹೋಗುತ್ತದೆ, ಬದಲಿಸಿ.

ಜ್ವಾಲೆಯ ಕಾವಲುಗಾರ

ಹೀಟರ್ ಎರಡು ಬಗೆ. ಒಂದರಲ್ಲಿ ಗುಂಡಿ ಒತ್ತಿ ಹಿಡಿದು ಹಚ್ಚಬೇಕು, ಹತ್ತು ಹದಿನೈದು ಸೆಕೆಂಡು ಬಿಟ್ಟು ಕೈ ತೆಗೆಯಬೇಕು. ಅದರಲ್ಲಿ ಥರ್ಮೋಕಪಲ್ ಇದೆ: ಜ್ವಾಲೆಯ ಕಾವಿಗೆ ಅದು ಸುಮಾರು 20ರಿಂದ 30 ಮಿಲಿವೋಲ್ಟ್ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನಿಂದಲೇ ಒಂದು ಸಣ್ಣ ಅಯಸ್ಕಾಂತ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಜ್ವಾಲೆ ಆರಿದರೆ ಕರೆಂಟ್ ನಿಂತು ವಾಲ್ವ್ ಮುಚ್ಚುತ್ತದೆ. ಕೈ ತೆಗೆದ ಕೂಡಲೇ ಹೀಟರ್ ಆರಿಹೋಗುತ್ತಿದ್ದರೆ ಮೊದಲು ಥರ್ಮೋಕಪಲ್ ತುದಿಯ ಮಸಿಯನ್ನು ಪಾಲಿಶ್ ಪೇಪರಿನಿಂದ ಒರೆಸಿ, ತುದಿ ಜ್ವಾಲೆಯೊಳಗೇ ಇದೆಯೇ ನೋಡಿ. ಆಮೇಲೆ ವಾಲ್ವಿನ ಕಡೆಯ ನಟ್ಟನ್ನು ಬಿಚ್ಚಿ, ಕೂರುವ ಜಾಗ ಒರೆಸಿ, ಕೈಯಲ್ಲೇ ಬಿಗಿ ಮಾಡಿ ಪಾನಾದಿಂದ ಕಾಲು ಸುತ್ತು ಮಾತ್ರ ತಿರುಗಿಸಿ. ಜೋರು ಬಿಗಿದರೆ ಒಳಗಿನ ಇನ್ಸುಲೇಷನ್ ನುಜ್ಜಾಗಿ ಒಳ್ಳೆಯ ಥರ್ಮೋಕಪಲ್ಲೂ ಕೆಡುತ್ತದೆ. ಇಷ್ಟು ಮಾಡಿದರೂ ಬಿಸಿಯಾದಾಗ ಮೀಟರ್ 15 ಮಿಲಿವೋಲ್ಟ್ ದಾಟದಿದ್ದರೆ ಹೊಸದು ಹಾಕಿ.

ಇನ್ನೊಂದು ಬಗೆ ಆಟೋಮ್ಯಾಟಿಕ್. ಸ್ವಿಚ್ ಹಾಕಿದರೆ ಮೊದಲು ಫ್ಯಾನ್, ಆಮೇಲೆ ಕಿಡಿ, ಆಮೇಲೆ ಗ್ಯಾಸ್. ಇದರಲ್ಲಿ ಒಂದು ಕಡ್ಡಿ ಜ್ವಾಲೆಯೊಳಗೆ ಚಾಚಿರುತ್ತದೆ. ಜ್ವಾಲೆಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟನ್ನು ಕಂಟ್ರೋಲ್ ಬಾಕ್ಸ್ ಅಳೆಯುತ್ತದೆ. ಈ ಕರೆಂಟ್ ಬರ್ನರಿನ ಮೈಯಿಂದ ಅರ್ಥಿಂಗಿಗೆ ಸೇರಬೇಕು. ಹೊಲದ ಶೆಡ್ಡುಗಳಲ್ಲಿ ಅರ್ಥಿಂಗ್ ಸಡಿಲ, ಪ್ಲಗ್ಗಿನಲ್ಲಿ ಫೇಸು ನ್ಯೂಟ್ರಲ್ ಅದಲುಬದಲು. ಆಗ ಜ್ವಾಲೆ ಚೆನ್ನಾಗಿ ಹತ್ತುತ್ತದೆ, ಐದಾರು ಸೆಕೆಂಡಿಗೆ ತಾನೇ ಆರಿ ಕೆಂಪು ದೀಪ ಬರುತ್ತದೆ. ಕಂಟ್ರೋಲ್ ಬಾಕ್ಸ್ ಹೋಯಿತೆಂದು ಸಾವಿರಾರು ರೂಪಾಯಿ ಸುರಿಯುವ ಮೊದಲು ಒಂದು ಟೆಸ್ಟರ್ ಹಿಡಿದು ಪ್ಲಗ್ ಪಾಯಿಂಟ್ ನೋಡಿ: ಬಲಗಡೆ ಫೇಸು, ಎಡಗಡೆ ನ್ಯೂಟ್ರಲ್.

ಕರೆಂಟಿನ ಕಡೆ

ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಹೀಟರಿನ ಮೈವರೆಗೆ ಮಲ್ಟಿಮೀಟರಿನಲ್ಲಿ ಅಳೆದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇದ್ದರೆ, ಕಂಟ್ರೋಲ್ ಬಾಕ್ಸನ್ನು ಬಿಡಿಸಿಟ್ಟು ಮೋಟಾರ್ ವೈರಿಗೂ ಮೈಗೂ ನಡುವೆ ಅಳೆಯಿಸಿ. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಆ ಮೋಟಾರು ಒದ್ದೆಯಾಗಿದೆ ಅಥವಾ ಸುಟ್ಟಿದೆ. ಹೀಟರಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ.

ವೋಲ್ಟೇಜನ್ನು ಸುಮ್ಮನೆ ಅಳೆದರೆ ಗೊತ್ತಾಗುವುದಿಲ್ಲ. ಬೋರಿನ ಪಂಪು, ಶೆಡ್ಡಿನ ದೀಪಗಳು, ಹೀಟರು ಎಲ್ಲ ಒಟ್ಟಿಗೆ ಓಡುವಾಗ ಅಳೆಯಿರಿ. ವೋಲ್ಟೇಜ್ ಬಿದ್ದರೆ ಫ್ಯಾನ್ ನಿಧಾನವಾಗುತ್ತದೆ, ಗ್ಯಾಸ್ ಮಾತ್ರ ಅಷ್ಟೇ ಬರುತ್ತಿರುತ್ತದೆ. ಮುಂದಿನ ಬಾಯಿ ಕೆಂಪಗಾಗುವುದು, ರಾತ್ರಿ ಎರಡು ಮೂರು ಸಲ ತಾನೇ ಟ್ರಿಪ್ ಆಗುವುದು ಇದರಿಂದಲೇ. 200 ವೋಲ್ಟಿಗಿಂತ ಕೆಳಗೆ ಹೋಗುವ ಕಡೆ ಸ್ಟೆಬಿಲೈಸರ್ ಇಲ್ಲದೆ ಈ ಹೀಟರ್ ಹಚ್ಚಬಾರದು ಎಂಬುದು ನನ್ನ ಅಭಿಪ್ರಾಯ.

ಸಿಲಿಂಡರಿನಿಂದ ಹೀಟರ್‌ವರೆಗೆ

ರೇಟಿಂಗ್ ಪ್ಲೇಟಿನ ಮೇಲೆ ಗ್ಯಾಸಿನ ಒತ್ತಡ ಬರೆದಿರುತ್ತದೆ, 700 ಮಿಲಿಬಾರ್, 1.5 ಬಾರ್ ಹೀಗೆ. ಮನೆಯ ಸಿಲಿಂಡರಿನ ರೆಗ್ಯುಲೇಟರ್ ಕೊಡುವುದು 30 ಮಿಲಿಬಾರ್. ಆದ್ದರಿಂದ ಅಡುಗೆಮನೆಯ ರೆಗ್ಯುಲೇಟರ್ ಇಲ್ಲಿಗಲ್ಲ, ಆ ಕಿತ್ತಳೆ ಬಣ್ಣದ ಸುರಕ್ಷಾ ಪೈಪೂ ಇಲ್ಲಿಗಲ್ಲ. ಈ ಒತ್ತಡಕ್ಕೆ ಮೈಮೇಲೆ ಐಎಸ್ 9573 ಎಂದು ಅಚ್ಚಾಗಿರುವ, ಇಂಡಸ್ಟ್ರಿಯಲ್ ಬಳಕೆಯ ಎಲ್‌ಪಿಜಿ ಪೈಪ್ ಬೇಕು. ಪೈಪನ್ನು ಮಡಚಿ ನೋಡಿ; ಹೊರಮೈಯಲ್ಲಿ ಸಣ್ಣ ಬಿರುಕು ತೆರೆದುಕೊಂಡರೆ ಅದರ ಆಯುಷ್ಯ ಮುಗಿದಿದೆ. ಶೆಡ್ಡಿನಲ್ಲಿ ಇನ್ನೊಂದು ಶತ್ರು ಇಲಿ. ಹೊಟ್ಟಿನ ಕೆಳಗೆ ಪೈಪ್ ಹಾಯಿಸಬೇಡಿ, ಕಣ್ಣಿಗೆ ಬೀಳುವಂತೆ ಮೇಲಿನಿಂದ ತನ್ನಿ.

ಸಿಲಿಂಡರಿನ ಕೊರಳ ಪಟ್ಟಿಯ ಒಳಬದಿಗೆ ಎ, ಬಿ, ಸಿ, ಡಿ ಅಕ್ಷರ ಮತ್ತು ಇಸವಿ ಇರುತ್ತದೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್‌ವರೆಗೆ. ಆ ಅವಧಿ ದಾಟಿದ ಸಿಲಿಂಡರ್ ಬಂದರೆ ಇಳಿಸಿಕೊಳ್ಳಬೇಡಿ. ಸಿಲಿಂಡರುಗಳು ಶೆಡ್ಡಿನ ಹೊರಗೆ, ನೆರಳಿನಲ್ಲಿ, ನೆಟ್ಟಗೆ, ಸರಪಳಿ ಹಾಕಿ ನಿಲ್ಲಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಹತ್ತಿರ ಗಟಾರ, ಹೊಂಡ, ನೀರಿನ ತೊಟ್ಟಿಯ ತಗ್ಗು ಇರಬಾರದು. ಗಾಳಿಯಲ್ಲಿ ಸುಮಾರು ನೂರಕ್ಕೆ ಎರಡು ಪಾಲು ಸೇರಿದರೂ ಅದಕ್ಕೆ ಬೆಂಕಿ ಹೊತ್ತಿಕೊಳ್ಳಬಹುದು.

ಚಳಿಗಾಲದಲ್ಲಿ ಎಲ್ಲರೂ ಹೇಳುವ ದೂರು: "ಸಿಲಿಂಡರ್‌ನಾಗ ಗ್ಯಾಸ್ ಐತಿ, ನಸುಕಿನ್ಯಾಗ ಹೀಟರ್ ಆರತೈತಿ." ಕಾರಣ ಸರಳ. 30 ಕಿಲೋವ್ಯಾಟ್ ಹೀಟರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 2.3 ಕೆಜಿ ಗ್ಯಾಸ್ ಬೇಕು. ಒಂದು 19 ಕೆಜಿ ಸಿಲಿಂಡರಿನೊಳಗಿನ ದ್ರವ ತಾನಾಗಿ ಆವಿಯಾಗಿ ನಿರಂತರ ಕೊಡಬಲ್ಲದ್ದು ಗಂಟೆಗೆ ಅರ್ಧದಿಂದ ಒಂದು ಕೆಜಿ. ಹೆಚ್ಚು ಎಳೆದರೆ ಸಿಲಿಂಡರ್ ತಣ್ಣಗಾಗಿ ಹೊರಗೆ ಬೆವರಿ ಮಂಜುಗಟ್ಟುತ್ತದೆ, ಒತ್ತಡ ಬೀಳುತ್ತದೆ. ಇದಕ್ಕೆ ಸಿಲಿಂಡರನ್ನು ಮಲಗಿಸುವುದು, ಬಿಸಿನೀರು ಸುರಿಯುವುದು, ಹೀಟರಿನ ಮುಂದೆಯೇ ತಂದಿಡುವುದು, ಇವೆಲ್ಲ ನಡೆಯುತ್ತಿವೆ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ಬಂದು ಹೀಟರಿನ ಬಾಯಿಂದ ಮಾರುದ್ದ ಬೆಂಕಿ ಹೊರಬೀಳುತ್ತದೆ. ಸರಿಯಾದ ದಾರಿ ಎಂದರೆ ಮೂರು ನಾಲ್ಕು ಸಿಲಿಂಡರನ್ನು ಮ್ಯಾನಿಫೋಲ್ಡಿಗೆ (ಹಲವು ಸಿಲಿಂಡರಿನ ಗ್ಯಾಸನ್ನು ಒಂದೇ ಪೈಪಿಗೆ ಸೇರಿಸುವ ಕೊಳವೆ) ಜೋಡಿಸುವುದು. ನಾಲ್ಕು ಸಿಲಿಂಡರ್ ಎಂದರೆ 76 ಕೆಜಿ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ 100 ಕೆಜಿ ಮಿತಿಯೊಳಗೇ ಇರುತ್ತೀರಿ. ಮ್ಯಾನಿಫೋಲ್ಡನ್ನು ಗ್ಯಾಸ್ ಏಜೆನ್ಸಿಯವರ ಮೂಲಕವೇ ಹಾಕಿಸಿ. ಮನೆಯ 14.2 ಕೆಜಿ ಸಿಲಿಂಡರನ್ನು ಶೆಡ್ಡಿಗೆ ಬಳಸುವುದು ಕಾನೂನಿಗೂ ವಿರುದ್ಧ, ಕೆಲಸಕ್ಕೂ ಸಾಲದು.

ಸೋರಿಕೆ ಟೆಸ್ಟ್

ಎಲ್ಲ ಜೋಡಿಸಿದ ಮೇಲೆ, ಬೆಂಕಿ ಹಚ್ಚುವ ಮೊದಲು ಇದು. ಬೆಳಗಿನ ತಂಪಿನಲ್ಲಿ ಮಾಡಿ. ಬಿಸಿಲು ಬಿದ್ದರೆ ಪೈಪಿನೊಳಗಿನ ಒತ್ತಡ ತಾನೇ ಏರಿ ಗೇಜ್ ಸುಳ್ಳು ಹೇಳುತ್ತದೆ.

1. ರೆಗ್ಯುಲೇಟರ್ ಆದ ಮೇಲೆ ಗೇಜ್ ಜೋಡಿಸಿ. ಹೀಟರ್ ಬಂದ್ ಇರಲಿ. ಸಿಲಿಂಡರ್ ವಾಲ್ವ್ ನಿಧಾನ ತೆರೆದು ಪೈಪಿಗೆ ಗ್ಯಾಸ್ ತುಂಬಿಸಿ.

2. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ. ದೊಡ್ಡ ಸೋರಿಕೆ ತಕ್ಷಣ ಬುಸುಗುಟ್ಟುತ್ತದೆ. ಸಣ್ಣದಕ್ಕೆ ತಾಳ್ಮೆ ಬೇಕು: ನಟ್ಟಿನ ಕೆಳಗಿನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಏಳುತ್ತದೆ, ನಿಲ್ಲುತ್ತದೆ, ಅರ್ಧ ನಿಮಿಷಕ್ಕೆ ಕಡಲೆಯಷ್ಟಾಗುತ್ತದೆ. ನಟ್ಟಿನ ತಳಭಾಗ ಕಣ್ಣಿಗೆ ಬೀಳುವುದಿಲ್ಲ, ಕೆಳಗೊಂದು ಕನ್ನಡಿ ಅಥವಾ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಸಿಲಿಂಡರ್ ಕಡೆಯ ನಟ್ಟಿಗೆ ಹೆಚ್ಚಾಗಿ ಉಲ್ಟಾ ಥ್ರೆಡ್ ಇರುತ್ತದೆ, ಬಿಗಿ ಮಾಡಲು ಹೋಗಿ ಬಿಚ್ಚಬೇಡಿ.

3. ಸಿಲಿಂಡರ್ ಬಂದ್ ಮಾಡಿ ಹತ್ತು ನಿಮಿಷ ಕಾಯಿರಿ. ಗೇಜಿನ ಮುಳ್ಳು ಅಲ್ಲಾಡಬಾರದು.

4. ಈಗ ಯಾರೂ ಮಾಡದ ಟೆಸ್ಟ್. ಸಿಲಿಂಡರ್ ಮತ್ತೆ ತೆರೆಯಿರಿ, ಹೀಟರ್ ಬಂದ್ ಇರಲಿ. ಜೆಟ್ಟಿನ ಬಾಯಿಗೆ ಸೋಪಿನ ನೀರು ಹಚ್ಚಿ ಐದು ನಿಮಿಷ ನೋಡಿ. ಇಲ್ಲಿ ಗುಳ್ಳೆ ಎದ್ದರೆ ಒಳಗಿನ ಸೊಲೆನಾಯ್ಡ್ ಅಥವಾ ಸೇಫ್ಟಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಹೊರಗಿನ ಜೋಡಣೆಗಳೆಲ್ಲ ಬಿಗಿ ಇದ್ದರೂ, ಆರಿದ ಹೀಟರಿನೊಳಗಿಂದ ರಾತ್ರಿಯಿಡೀ ಗ್ಯಾಸ್ ಶೆಡ್ಡಿಗೆ ಇಳಿಯುತ್ತಿರುತ್ತದೆ. ಮುಂದಿನ ಸಲ ಕಿಡಿ ಕೊಟ್ಟಾಗ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಈ ಟೆಸ್ಟಿನಲ್ಲಿ ಫೇಲಾದ ವಾಲ್ವ್ ಬದಲಾಗುವವರೆಗೆ ಆ ಹೀಟರ್ ಮೂಲೆಗೆ.

ಕಡ್ಡಿ ಗೀರಿ ಸೋರಿಕೆ ನೋಡುವವರು ಇನ್ನೂ ಇದ್ದಾರೆ. ಮಾಡಬೇಡಿ. ಜೋರು ಸೋರಿಕೆ ಕಂಡರೆ ಸ್ವಿಚ್ ಮುಟ್ಟದೆ, ಆಗಿದ್ದರೆ ಸಿಲಿಂಡರ್ ಬಂದ್ ಮಾಡಿ, ಪರದೆ ಎತ್ತಿ ಹೊರಗೆ ಬನ್ನಿ. ಎಲ್‌ಪಿಜಿ ಸೋರಿಕೆಗೆ 1906 ಸಹಾಯವಾಣಿ 24 ಗಂಟೆಯೂ ಇದೆ. ಬೆಂಕಿ ಕಂಡರೆ 112.

ಕೊನೆಗೆ ಹೀಟರ್ ಹಚ್ಚಿ, ಉರಿಯುವಾಗ ಗೇಜ್ ಪ್ಲೇಟಿನ ಒತ್ತಡಕ್ಕೆ ಹೊಂದುತ್ತದೆಯೇ ನೋಡಿ. ಹೀಟರ್ ಬಂದ್ ಆದಾಗ ಮುಳ್ಳು ಸ್ವಲ್ಪ ಮೇಲೇರಿ ನಿಲ್ಲುವುದು ಸಹಜ. ನಿಲ್ಲದೆ ಮೆಲ್ಲಗೆ ಏರುತ್ತಲೇ ಹೋದರೆ ರೆಗ್ಯುಲೇಟರ್ ಸವೆದಿದೆ.

ಆರಿಸುವ ಟೆಸ್ಟುಗಳು

ಇಡೀ ಸರ್ವೀಸಿನಲ್ಲಿ ಇವನ್ನು ಬಿಟ್ಟರೆ ಉಳಿದದ್ದು ಬರೀ ಧೂಳು ಒರೆಸಿದಂತೆ.

ಜ್ವಾಲೆ ಆರುವ ಟೆಸ್ಟ್: ಹೀಟರ್ ಐದು ನಿಮಿಷ ಉರಿದ ಮೇಲೆ ಸಿಲಿಂಡರ್ ವಾಲ್ವ್ ಬಂದ್ ಮಾಡಿ. ಜ್ವಾಲೆ ಆರಿದ ಕ್ಷಣದಿಂದ ಎಣಿಸಿ. ಥರ್ಮೋಕಪಲ್ ಹೀಟರಾದರೆ ಒಂದು ನಿಮಿಷದೊಳಗೆ ಒಳಗಿಂದ "ಟಕ್" ಎಂಬ ಸದ್ದು ಬರಬೇಕು, ಅದು ಅಯಸ್ಕಾಂತ ಕೈಬಿಟ್ಟ ಸದ್ದು. ಆಟೋಮ್ಯಾಟಿಕ್ ಆದರೆ ಕೆಲವೇ ಸೆಕೆಂಡಿನಲ್ಲಿ ವಾಲ್ವ್ ಮುಚ್ಚಬೇಕು; ಆಮೇಲೆ ಹೀಟರ್ ತಾನೇ ಮತ್ತೊಮ್ಮೆ ಕಿಡಿ ಕೊಟ್ಟು, ಇಲ್ಲವೇ ನೇರವಾಗಿಯೇ, ಲಾಕ್ ಆಗಿ ಕೆಂಪು ದೀಪ ಬರಬೇಕು. ಆಮೇಲೆ ಸಿಲಿಂಡರ್ ತೆರೆದು ಜೆಟ್ಟಿನಲ್ಲಿ ಗ್ಯಾಸ್ ಬರುತ್ತಿಲ್ಲವೆಂದು ಸೋಪಿನ ನೀರಿನಿಂದ ಖಾತ್ರಿ ಮಾಡಿ. ಸದ್ದು ಬಂದ ಮಾತ್ರಕ್ಕೆ ಮುಚ್ಚಿದೆ ಎಂದಲ್ಲ.

ಕರೆಂಟ್ ಹೋಗುವ ಟೆಸ್ಟ್: ನಮ್ಮ ಹಳ್ಳಿಗಳಲ್ಲಿ ಬೇಡವೆಂದರೂ ಇದು ವಾರಕ್ಕೆ ನಾಲ್ಕು ಸಲ ಆಗುತ್ತದೆ. ಉರಿಯುತ್ತಿರುವಾಗ ಪ್ಲಗ್ ಪಾಯಿಂಟಿನ ಸ್ವಿಚ್ ತೆಗೆಯಿರಿ. ಜ್ವಾಲೆ ಆ ಕ್ಷಣಕ್ಕೇ ಆರಬೇಕು. ಸೊಲೆನಾಯ್ಡ್ ಇಲ್ಲದೆ ಬರೀ ಥರ್ಮೋಕಪಲ್ ಇರುವ ಕಡಿಮೆ ಬೆಲೆಯ ಹೀಟರುಗಳು ಬರುತ್ತವೆ. ಅವುಗಳಲ್ಲಿ ಫ್ಯಾನ್ ನಿಂತರೂ ಜ್ವಾಲೆ ಉರಿಯುತ್ತಲೇ ಇರುತ್ತದೆ, ಡಬ್ಬಿಯೊಳಗೇ ಮೇಲಕ್ಕೆದ್ದು ವೈರು ಸುಡುತ್ತದೆ. ನಿಮ್ಮದು ಹಾಗೆ ಉರಿದರೆ ಕಾಯದೆ ಕೂಡಲೇ ಸಿಲಿಂಡರ್ ಬಂದ್ ಮಾಡಿ. ಅಂಥ ಹೀಟರ್ ಕರೆಂಟ್ ಹೋಗುವ ಶೆಡ್ಡಿಗೆ ಲಾಯಕ್ಕಿಲ್ಲ, ಎಷ್ಟೇ ಹೊಸದಿದ್ದರೂ. ಕರೆಂಟ್ ಮರಳಿದಾಗ ಆಟೋಮ್ಯಾಟಿಕ್ ಹೀಟರ್ ಮತ್ತೆ ಹತ್ತಬಹುದು, ಆದರೆ ಫ್ಯಾನ್ ಮೊದಲು, ಗ್ಯಾಸ್ ಕೊನೆಗೆ ಎಂಬ ಕ್ರಮ ತಪ್ಪಬಾರದು.

ಅತಿಕಾವಿನ ಟೆಸ್ಟ್: ಬಾಯಿಯ ಹತ್ತಿರ ಗುಂಡನೆಯ ಲಿಮಿಟ್ ಸ್ವಿಚ್ ಇರುತ್ತದೆ. ಪ್ಲಗ್ ಕಿತ್ತು ಅದರ ಒಂದು ವೈರ್ ತೆಗೆದು ಟೇಪ್ ಸುತ್ತಿ, ಹೀಟರ್ ಹಚ್ಚಲು ನೋಡಿ. ಹತ್ತಬಾರದು, ಅಥವಾ ಗುಂಡಿ ಬಿಟ್ಟ ಕೂಡಲೇ ಆರಬೇಕು. ಹತ್ತಿ ಉರಿಯುತ್ತಲೇ ಇದ್ದರೆ ಯಾರೋ ಅದನ್ನು ದಾಟಿಸಿ ವೈರ್ ಜೋಡಿಸಿದ್ದಾರೆ. ಸವಣೂರು ರಸ್ತೆಯ ಒಂದು ಶೆಡ್ಡಿನಲ್ಲಿ ಇಂಥದ್ದನ್ನು ನೋಡಿದೆ: ಲಿಮಿಟ್ ಸ್ವಿಚ್ಚಿನ ಎರಡೂ ಪಿನ್ನುಗಳ ನಡುವೆ ಬೆರಳುದ್ದದ ತಾಮ್ರದ ತಂತಿ, ಮೇಲೆ ನೀಟಾಗಿ ಟೇಪು. "ಪದೇ ಪದೇ ಟ್ರಿಪ್ ಆಗತಿತ್ರಿ, ಅದಕ್ಕ ಡೈರೆಕ್ಟ್ ಮಾಡಿವಿ." ಟ್ರಿಪ್ ಆಗುತ್ತಿದ್ದುದಕ್ಕೆ ಕಾರಣ ಫ್ಯಾನಿನ ಜಾಲರಿಯಲ್ಲಿ ತುಂಬಿದ್ದ ಪುಕ್ಕ.

ಫ್ಯಾನ್ ನಿಲ್ಲುವ ಟೆಸ್ಟ್: ಗಾಳಿಯ ಒತ್ತಡ ನೋಡುವ ಸ್ವಿಚ್ ಇರುವ ಮಾಡೆಲ್ಲುಗಳಿಗೆ ಮಾತ್ರ. ಪ್ಲಗ್ ಕಿತ್ತು, ಸಿಲಿಂಡರ್ ಬಂದ್ ಮಾಡಿ, ಮೋಟಾರಿನ ಕನೆಕ್ಟರ್ ಬಿಡಿಸಿ, ಮತ್ತೆ ಪ್ಲಗ್ ಹಾಕಿ ಚಾಲೂ ಮಾಡಿ. ಕಿಡಿಯೂ ಬರಬಾರದು, ಗ್ಯಾಸ್ ವಾಲ್ವ್ ತೆರೆದ ಸದ್ದೂ ಬರಬಾರದು.

ಗಾಳಿಯ ಟೆಸ್ಟ್

ಒಂದು ಕೆಜಿ ಎಲ್‌ಪಿಜಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. ಉರಿದಾಗ ಸುಮಾರು 3 ಕೆಜಿ ಕಾರ್ಬನ್ ಡೈಆಕ್ಸೈಡ್, 1.6 ಕೆಜಿ ನೀರಿನ ಆವಿ ಹೊರಬರುತ್ತದೆ. 30 ಕಿಲೋವ್ಯಾಟ್ ಹೀಟರ್ ಹತ್ತು ಗಂಟೆ ಬಿಡದೆ ಉರಿದರೆ ಶೆಡ್ಡಿನೊಳಗೆ ಎರಡು ಕೊಡ ನೀರು ಚೆಲ್ಲಿದ ಲೆಕ್ಕ. ಬೆಳಗ್ಗೆ ತಗಡಿನಿಂದ ಹನಿ ತೊಟ್ಟಿಕ್ಕುವುದು, ಹೊಟ್ಟು ಒದ್ದೆಯಾಗಿ ಅಮೋನಿಯಾ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಬಿಸಿ ಹೋಗುತ್ತದೆಂದು ತಾಡಪತ್ರಿಯನ್ನು ನಾಲ್ಕೂ ಕಡೆ ನೆಲಕ್ಕೆ ಮುಟ್ಟಿಸಿ ಕಟ್ಟಿದರೆ ಗ್ಯಾಸೂ ದಂಡ, ಮರಿಗೂ ಉಸಿರಿಲ್ಲ. ಮೇಲ್ಗಡೆ ಒಂದು ಅಡಿಯಷ್ಟಾದರೂ ತೆರೆದಿಡಿ.

ಮೀಟರನ್ನು ಶೆಡ್ಡಿನ ಹೊರಗೆ ಶುದ್ಧ ಗಾಳಿಯಲ್ಲಿ ಸೊನ್ನೆ ಮಾಡಿಕೊಳ್ಳಿ. ರಾತ್ರಿ ಹೇಗೆ ಪರದೆ ಕಟ್ಟುತ್ತೀರೋ ಹಾಗೆಯೇ ಕಟ್ಟಿ, ಹೀಟರ್ ಅರ್ಧ ಗಂಟೆ ಓಡಿಸಿ. ಹತ್ತಿದ ಮೊದಲ ನಿಮಿಷದ ಅಂಕಿ ಏರುಪೇರಾಗಿರುತ್ತದೆ, ಲೆಕ್ಕಕ್ಕೆ ಬೇಡ. ಮರಿಯ ಎತ್ತರದಲ್ಲಿ, ಮಲಗಿದ ಮನುಷ್ಯನ ತಲೆಯ ಎತ್ತರದಲ್ಲಿ, ಶೆಡ್ಡಿನ ದೂರದ ಮೂಲೆಯಲ್ಲಿ ಅಳೆಯಿರಿ. ಬ್ರಾಯ್ಲರ್ ಸಾಕಣೆಯ ಮಾರ್ಗಸೂಚಿಗಳು ಕಾರ್ಬನ್ ಮಾನಾಕ್ಸೈಡ್ 10 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು) ಒಳಗೆ, ಕಾರ್ಬನ್ ಡೈಆಕ್ಸೈಡ್ 3000 ಪಿಪಿಎಂ ಒಳಗೆ ಇರಲಿ ಅನ್ನುತ್ತವೆ. 10 ದಾಟಿದರೆ ಪರದೆ ಎತ್ತಿ ಮತ್ತೆ ಅಳೆಯಿರಿ. ಪರದೆ ಎತ್ತಿದರೂ ಇಳಿಯದಿದ್ದರೆ ತಪ್ಪು ಬರ್ನರಿನದು: ಜೆಟ್, ಫ್ಯಾನ್, ಒತ್ತಡ, ಇದೇ ಕ್ರಮದಲ್ಲಿ ಮತ್ತೆ ನೋಡಿ. 35 ಪಿಪಿಎಂ ಕಂಡರೆ ಹೀಟರ್ ಬಂದ್ ಮಾಡಿ ಜನ ಹೊರಗೆ ಬರಬೇಕು. 400ರ ಹೊತ್ತಿಗೆ ಒಂದೆರಡು ಗಂಟೆಯಲ್ಲಿ ತಲೆನೋವು ಹಿಡಿಯುತ್ತದೆ. 800ರಲ್ಲಿ ಎರಡು ಮೂರು ಗಂಟೆಗೆ ಪ್ರಾಣವೇ ಹೋಗಬಹುದು.

ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆ ಇಲ್ಲ. ಶೆಡ್ಡಿನಲ್ಲಿ ಮಲಗಿದ ಹುಡುಗ ಬೆಳಗ್ಗೆ ತಲೆ ಸಿಡಿಯುತ್ತದೆ, ವಾಂತಿ ಬಂದಂತಾಗುತ್ತದೆ ಅಂದರೆ "ಪಿತ್ತ ಆಗೇತಿ" ಎಂದು ನಿಂಬೆಹಣ್ಣಿನ ಶರಬತ್ತು ಕೊಟ್ಟು ಮತ್ತೆ ಒಳಗೇ ಕಳಿಸುತ್ತಾರೆ. ಹೀಟರ್ ಉರಿಯುವ ಶೆಡ್ಡಿನಿಂದ ಬಂದವನಿಗೆ ತಲೆನೋವು ಎಂದರೆ ಮೊದಲು ಹೊರಗಿನ ಗಾಳಿ, ಆಮೇಲೆ ಆಸ್ಪತ್ರೆ, ಅಲ್ಲಿ ಡಾಕ್ಟರಿಗೆ ಗ್ಯಾಸ್ ಹೀಟರಿನ ವಿಷಯ ಹೇಳಬೇಕು. ರಾತ್ರಿ ಕಾಯುವವರಿಗೆ ಶೆಡ್ಡಿನ ಹೊರಗೆ ಒಂದು ಮಂಚ, ಒಂದು ರಗ್ಗು ಹಾಕಿಕೊಡಿ.

ಇಡುವ ಜಾಗ, ಮೊದಲ ರಾತ್ರಿ, ಆಮೇಲೆ

ಹೀಟರಿನ ಬಾಯಿ ಮುಂದೆ ಕನಿಷ್ಠ 3 ಮೀಟರ್, ಸುತ್ತ 1 ಮೀಟರ್ ಜಾಗದಲ್ಲಿ ಹೊಟ್ಟು, ಪರದೆ, ಪೇಪರು, ಫೀಡ್ ಚೀಲ ಇರಬಾರದು. ಪುಸ್ತಕದಲ್ಲಿ ಹೆಚ್ಚು ಹೇಳಿದ್ದರೆ ಹೆಚ್ಚೇ ಬಿಡಿ. ಹೊಟ್ಟಿನ ಮೇಲೆ ನೇರವಾಗಿ ಇಡದೆ ಸ್ಟ್ಯಾಂಡಿನ ಮೇಲಿಡಿ ಅಥವಾ ಸರಪಳಿಯಲ್ಲಿ ತೂಗುಬಿಡಿ. ಹಗ್ಗ, ಬೈಂಡಿಂಗ್ ವೈರ್ ಬೇಡ. ಗದಗ ಕಡೆಯ ಬಯಲು ಗಾಳಿಗೆ ಸಡಿಲ ಪರದೆ ಹಾರಿ ಬಂದು ಹೀಟರಿನ ಬಾಯಿಗೇ ಬೀಳುತ್ತದೆ, ಆ ಭಾಗದ ಪರದೆಯ ಕೆಳತುದಿಯನ್ನು ಕಟ್ಟಿಹಾಕಿ. ಬಾಗಿಲ ಹತ್ತಿರ ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್, ಎರಡು ಬಕೆಟ್ ಮರಳು.

ಮರಿ ಬರುವ 24 ಗಂಟೆ ಮೊದಲೇ ಶೆಡ್ ಬಿಸಿ ಮಾಡಲು ಶುರು ಮಾಡಿ. ಮೊದಲ ದಿನ ಮರಿಯ ಎತ್ತರದಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಹೋಗುವುದು. ಈ 24 ಗಂಟೆಯೇ ಹೀಟರಿನ ನಿಜವಾದ ಪರೀಕ್ಷೆ. ನಸುಕಿನಲ್ಲಿ ಒಮ್ಮೆ ಹೋಗಿ ಸಿಲಿಂಡರ್ ಮಂಜುಗಟ್ಟಿದೆಯೇ, ಗೇಜ್ ಬಿದ್ದಿದೆಯೇ, ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ನೋಡಿ. ಕಂಡ ಅಂಕಿಗಳನ್ನು ತಾರೀಖಿನ ಸಮೇತ ಹೀಟರಿನ ಮೈಮೇಲೇ ಪೇಂಟ್ ಪೆನ್ನಿನಿಂದ ಬರೆಯಿರಿ; ನೋಟ್‌ಬುಕ್ ಕಳೆದುಹೋಗುತ್ತದೆ. ಒಂದು ಥರ್ಮೋಕಪಲ್, ಒಂದು ಜೆಟ್, ಒಂದು ಎಲೆಕ್ಟ್ರೋಡ್, ಒಂದು ಮೋಟಾರ್ ಕೆಪಾಸಿಟರ್ ಶೆಡ್ಡಿನಲ್ಲೇ ಇರಲಿ. ರಾತ್ರಿ ಹನ್ನೊಂದಕ್ಕೆ ಹುಬ್ಬಳ್ಳಿಯ ಯಾವ ಅಂಗಡಿಯೂ ತೆರೆದಿರುವುದಿಲ್ಲ.

ಬ್ರೂಡಿಂಗ್ ಮುಗಿದು ಹೀಟರ್ ಎತ್ತಿಡುವಾಗ ಪೈಪ್ ಬಿಡಿಸಿ, ಹೀಟರಿನ ಗ್ಯಾಸ್ ಬಾಯಿಗೂ ಪೈಪಿನ ಎರಡೂ ತುದಿಗೂ ಕ್ಯಾಪ್ ಹಾಕಿ, ಇಲ್ಲದಿದ್ದರೆ ಜೇಡ ಮತ್ತು ಕಣಜದ ಹುಳ ಗೂಡು ಕಟ್ಟುತ್ತವೆ. ಧೂಳು ತೆಗೆದು, ಪ್ಲಾಸ್ಟಿಕ್ ಹಾಳೆಯ ಬದಲು ಗೋಣಿಚೀಲ ಹೊದಿಸಿ. ಪ್ಲಾಸ್ಟಿಕ್ಕಿನೊಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ. ಗೊಬ್ಬರದ ಚೀಲ, ಕ್ರಿಮಿನಾಶಕದ ಡಬ್ಬಿ ಇಡುವ ಕೋಣೆ ಬಿಟ್ಟು ಬೇರೆ ಎಲ್ಲಾದರೂ ಒಣ ಜಾಗದಲ್ಲಿ, ನೆಲದಿಂದ ಒಂದು ಅಡಿ ಮೇಲೆ ಇಡಿ.